ಉಸಿರು ಎಣಿಸುವುದಕ್ಕಿಂತ ಎದೆಯ ಗುಳಿ ನೋಡುವುದು ಮುಖ್ಯ

10 ತಿಂಗಳ ಮಗುವಿಗೆ ಕೆಮ್ಮು, ಜ್ವರ, ಉಸಿರೂ ಜೋರಾಗಿದೆ, ನ್ಯುಮೋನಿಯಾ ಇರಬಹುದಾ ಅಂತ ಕೇಳಿದ್ದೀರಿ. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿದ್ದಾಗ ಅಂಗಿ ಮೇಲೆತ್ತಿ ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಳೆಯ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ಈ ವಯಸ್ಸಿಗೆ 50 ಅಥವಾ ಹೆಚ್ಚು ಬಂದರೆ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. (ವರ್ಷ ತುಂಬಿದ ಮೇಲೆ ಈ ಮಿತಿ 40.)

ಆದರೆ ಎಣಿಕೆಗಿಂತ ಹೆಚ್ಚು ಹೇಳುವುದು ಎದೆ. ಉಸಿರು ಒಳಗೆಳೆದಾಗ ಎದೆಗೂಡಿನ ಕೆಳಭಾಗ ಉಬ್ಬುವ ಬದಲು ಒಳಕ್ಕೆ ಹೋಗಿ ಗುಳಿ ಬೀಳುತ್ತಿದ್ದರೆ ಶ್ವಾಸಕೋಶ ಬಿಗಿಯಾಗಿದೆ, ಮಗು ಕಷ್ಟಪಡುತ್ತಿದೆ ಅಂತಲೇ ಅರ್ಥ. ಈ ಗುಳಿ, ನರಳುವ ಸದ್ದು, ನೀಲಿ ತುಟಿ, ಹಾಲು ಕುಡಿಯಲಾಗದಿರುವುದು, ಮಂಪರು, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ ಆಕ್ಸಿಜನ್ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ, ರಾತ್ರಿಯಾದರೂ ಸರಿ. ಕೆಮ್ಮಿನ ಸಿರಪ್ ಕೊಟ್ಟು ಕಾಯಬೇಡಿ.