ಚಾಂಪಿಯನ್‌ಶಿಪ್ ಗೆಲ್ಲದ ಕೈಟ್ಲಿನ್ ಕ್ಲಾರ್ಕ್ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಶ್ರೇಷ್ಠರ ಸಾಲಿಗೆ ಸೇರುತ್ತಾರೆಯೇ?

ಖಂಡಿತ ಸೇರುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಪರ ಅವರು ಗಳಿಸಿದ 3,951 ಅಂಕ, ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಮೊದಲ ಡಿವಿಷನ್‌ನಲ್ಲಿ ಪುರುಷರ ದಾಖಲೆಯನ್ನೂ ಮೀರಿದ್ದು. ಆದರೆ ಅತಿ ಶ್ರೇಷ್ಠರು ಯಾರೆಂಬ ಚರ್ಚೆಯಲ್ಲಿ ಯುಕಾನ್‌ನ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಬ್ರಿಯಾನಾ ಸ್ಟೀವರ್ಟ್ ಅವರೇ ಮುಂದೆ: 2013ರಿಂದ 2016ರವರೆಗೆ ನಾಲ್ಕು ಚಾಂಪಿಯನ್‌ಶಿಪ್ ಪ್ರಶಸ್ತಿ, ನಾಲ್ಕೂ ಸಲ ಫೈನಲ್ ಫೋರ್‌ನ (ಕೊನೆಯ ನಾಲ್ಕು ತಂಡಗಳ ಹಂತ) ಶ್ರೇಷ್ಠ ಆಟಗಾರ್ತಿ.

ಹಾಗಂತ ಪ್ರಶಸ್ತಿಯೊಂದನ್ನೇ ಅಳತೆಗೋಲು ಮಾಡಿಕೊಳ್ಳುವುದು ಅನ್ಯಾಯ. ಈ ಚಾಂಪಿಯನ್‌ಶಿಪ್ ನಾಕೌಟ್ ಟೂರ್ನಿ, ಸತತ ಆರು ಪಂದ್ಯ ಗೆಲ್ಲಬೇಕು. ಅದಕ್ಕೆ ಬೆಂಚಿನ, ಅಂದರೆ ಬದಲಿ ಆಟಗಾರ್ತಿಯರ, ಬಲವೂ ಬೇಕು. 2023ರ ಫೈನಲ್‌ನಲ್ಲಿ ಅಯೋವಾ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) 85–102ರಿಂದ ಸೋತಿತು. 2024ರ ಫೈನಲ್‌ನಲ್ಲಿ ಕ್ಲಾರ್ಕ್ ಮೊದಲ ಕ್ವಾರ್ಟರ್‌ನಲ್ಲೇ 18, ಒಟ್ಟು 30 ಅಂಕ ಗಳಿಸಿದರೂ ಗೆದ್ದದ್ದು ಸೌತ್ ಕೆರೊಲಿನಾ, 87–75. ಅಂದು ಸೌತ್ ಕೆರೊಲಿನಾದ ಬದಲಿ ಆಟಗಾರ್ತಿಯರು 37 ಅಂಕ ತಂದರು. ಅಯೋವಾದ ಬದಲಿಗಳಿಂದ ಬಂದದ್ದು ಸೊನ್ನೆ.