ಕರುಳಿನ ಬ್ಯಾಕ್ಟೀರಿಯಾಕ್ಕೂ ಶ್ವಾಸಕೋಶದ ಸೋಂಕಿಗೂ ಏನು ಸಂಬಂಧ?

ಬ್ಯಾಕ್ಟೀರಿಯಾ ಇರುವುದು ಕರುಳಿನಲ್ಲಿ, ಫ್ಲೂ ವೈರಸ್ ಬರುವುದು ಮೂಗಿನಿಂದ. ಅಲ್ಲಿರುವುದು ಇಲ್ಲಿ ಬಂದದ್ದನ್ನು ತಡೆಯುವುದು ಹೇಗೆ, ಇದೆಲ್ಲ ಪ್ರೊಬಯಾಟಿಕ್ (ಆರೋಗ್ಯಕ್ಕೆ ಒಳ್ಳೆಯದೆಂದು ನುಂಗುವ ಜೀವಂತ ಬ್ಯಾಕ್ಟೀರಿಯಾ) ಮಾರುವವರ ಮಾತಲ್ವಾ ಅಂತ ಕೇಳಿದ್ದೀರಿ. ಮೈಕ್ರೋಬಯಾಲಜಿ ಓದುವಾಗ ನನಗೂ ಇದೇ ಅನುಮಾನ ಇತ್ತು. ಮಾರುವವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಸಂಬಂಧ ಇರುವುದಂತೂ ನಿಜ.

ಮೊದಲು ಕರುಳಿನೊಳಗಿನ ಕತೆ. ಅಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಅಂತ ಒಂದು ಅಂದಾಜು. ಇಷ್ಟು ಜನ ಕೂತಿರುವ ಕಡೆ ಹೊಸಬರಿಗೆ ಜಾಗವೂ ಇಲ್ಲ, ಊಟವೂ ಇಲ್ಲ. 1954ರಲ್ಲಿ ವಿಜ್ಞಾನಿ ಬೊನ್‌ಹಾಫ್ ಮತ್ತು ಜೊತೆಗಾರರು ಇಲಿಗಳಿಗೆ ಸ್ಟ್ರೆಪ್ಟೋಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟು, ಆ ಔಷಧಕ್ಕೆ ಬಗ್ಗದ ಸಾಲ್ಮೊನೆಲ್ಲಾ ಎಂಬ ರೋಗದ ಬ್ಯಾಕ್ಟೀರಿಯಾವನ್ನು ಹೊಟ್ಟೆಗೆ ಬಿಟ್ಟರು. ಮಾಮೂಲಿ ಇಲಿಗೆ ಸೋಂಕು ತಗುಲಲು ಲಕ್ಷದಷ್ಟು ಬ್ಯಾಕ್ಟೀರಿಯಾ ಬೇಕಿತ್ತು. ಔಷಧ ಕುಡಿದ ಇಲಿಗೆ ಹತ್ತಕ್ಕಿಂತ ಕಡಿಮೆ ಸಾಕಾಯಿತು! ಹಳಬರು ಸತ್ತು ಜಾಗ ಖಾಲಿಯಾಗಿತ್ತು. ಆಂಟಿಬಯಾಟಿಕ್ ಆದಮೇಲೆ ಕೆಲವರಿಗೆ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿ ಹಿಡಿಯುವುದೂ ಇದೇ ಕಾರಣಕ್ಕೆ.

ಇನ್ನು ಶ್ವಾಸಕೋಶ. 2011ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಇಲಿಗಳಿಗೆ ಕುಡಿಯುವ ನೀರಿನಲ್ಲಿ ಆಂಟಿಬಯಾಟಿಕ್ ಬೆರೆಸಿ ಕೊಟ್ಟು, ಆಮೇಲೆ ಮೂಗಿಗೆ ಫ್ಲೂ ವೈರಸ್ ಬಿಟ್ಟಿತು. ಆ ಇಲಿಗಳಲ್ಲಿ ವೈರಸ್ಸಿಗೆ ಅಂಟಿ ತಡೆಯುವ ಪ್ರತಿಕಾಯ ಕಡಿಮೆ, ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಪ್ರತಿಕ್ರಿಯೆ ಕಡಿಮೆ, ಶ್ವಾಸಕೋಶದಲ್ಲಿ ವೈರಸ್ ಜಾಸ್ತಿ. ನನ್ನ ಅನುಮಾನ ಹೋಗಿದ್ದು ಮುಂದಿನ ಹೆಜ್ಜೆಯಿಂದ. ಬ್ಯಾಕ್ಟೀರಿಯಾದ ಹೊರಪದರದ ಒಂದು ಅಂಶವನ್ನು ಇಲಿಯ ಗುದದ ಮೂಲಕ ಕೊಟ್ಟಾಗ, ಶ್ವಾಸಕೋಶದ ಪ್ರತಿಕ್ರಿಯೆ ಮರಳಿತು. ಅಂದರೆ ಬ್ಯಾಕ್ಟೀರಿಯಾ ತಾನೇ ಅಲ್ಲಿಗೆ ಹೋಗಬೇಕಿಲ್ಲ, ಅದರ ಸುದ್ದಿ ಮುಟ್ಟಿದರೆ ಸಾಕು. ಕರುಳಿನ ಬ್ಯಾಕ್ಟೀರಿಯಾದ ಗೋಡೆಯ ಚೂರುಗಳು ಸದಾ ಒಂದಿಷ್ಟು ರಕ್ತಕ್ಕೆ ಸೇರುತ್ತಲೇ ಇರುತ್ತವೆ. ಮೂಳೆಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳು ಅವುಗಳನ್ನು ಗುರುತಿಸಿ ಸ್ವಲ್ಪ ಎಚ್ಚರವಾಗಿರುತ್ತವೆ. ಬೂದಿ ಮುಚ್ಚಿದ ಕೆಂಡ ಇದ್ದಹಾಗೆ. ಉರಿಯುತ್ತಿರುವುದಿಲ್ಲ, ಆದರೆ ಊದಿದರೆ ತಕ್ಷಣ ಹತ್ತಿಕೊಳ್ಳುತ್ತದೆ.

ಹಾಗಂತ 'ಇಮ್ಯುನಿಟಿ ಬೂಸ್ಟ್' ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಫ್ಲೂ ಜೋರಾದಾಗ ಶ್ವಾಸಕೋಶ ಹಾಳಾಗುವುದು ವೈರಸ್ಸಿನಿಂದ ಅಷ್ಟೇ ಅಲ್ಲ, ನಮ್ಮದೇ ಪ್ರತಿಕ್ರಿಯೆ ಹದ ತಪ್ಪುವುದರಿಂದಲೂ. ಅದೇ ಬ್ಯಾಕ್ಟೀರಿಯಾಗಳು ಬ್ರೇಕ್ ಹಾಕುವ ಕೆಲಸವನ್ನೂ ಮಾಡುತ್ತವೆ. ನಾವು ತಿಂದ ನಾರನ್ನು ಹುಳಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಉರಿಯೂತವನ್ನು ತಣಿಸುವ ರೆಗ್ಯುಲೇಟರಿ ಟಿ ಕೋಶಗಳು ಇದರಿಂದ ಹೆಚ್ಚುತ್ತವೆ ಎಂದು 2013ರಲ್ಲಿ ಇಲಿಗಳಲ್ಲಿ ಕಂಡುಬಂತು.

ಇನ್ನೊಂದು ವಿಷಯ, ಇದನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ. ಪೋಲಿಯೋ ವೈರಸ್ಸಿಗೆ ಕರುಳಿನ ಬ್ಯಾಕ್ಟೀರಿಯಾ ಶತ್ರುವಲ್ಲ, ಸಹಾಯಕ! 2011ರ ಒಂದು ಪ್ರಯೋಗದಲ್ಲಿ ಆಂಟಿಬಯಾಟಿಕ್ ಕೊಟ್ಟ ಇಲಿಗಳಿಗೇ ಪೋಲಿಯೋ ಕಾಟ ಕಡಿಮೆಯಾಗಿತ್ತು.

ಮನುಷ್ಯರಲ್ಲಿ ಏನು? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ಐದು ದಿನ ಆಂಟಿಬಯಾಟಿಕ್ ಕೊಟ್ಟು, ಆ ನಡುವೆ ಫ್ಲೂ ಲಸಿಕೆ ಹಾಕಿದರು. ಮೊದಲೇ ಫ್ಲೂ ಪ್ರತಿಕಾಯ ಚೆನ್ನಾಗಿದ್ದವರಿಗೆ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಅದು ಕಡಿಮೆ ಇದ್ದವರಲ್ಲಿ ಮಾತ್ರ ಎಚ್1ಎನ್1 ಎಂಬ ಫ್ಲೂ ತಳಿಯ ವಿರುದ್ಧದ ಪ್ರತಿಕಾಯ ಕುಗ್ಗಿತು. ಹಳೆಯ ನೆನಪು ಇದ್ದರೆ ದೇಹ ಸುಧಾರಿಸಿಕೊಳ್ಳುತ್ತದೆ, ಹೊಸ ಪಾಠ ಕಲಿಯುವಾಗ ಬ್ಯಾಕ್ಟೀರಿಯಾದ ನೆರವು ಬೇಕು ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ. ಹೀಗೆಂದು ಡಾಕ್ಟರ್ ಬರೆದುಕೊಟ್ಟ ಆಂಟಿಬಯಾಟಿಕ್ ಬಿಡಬೇಡಿ. ವೈರಲ್ ಜ್ವರಕ್ಕೆ ನೀವಾಗಿಯೇ ನುಂಗುವುದನ್ನು ಬಿಡಿ, ಅದರಿಂದ ವೈರಸ್ ಸಾಯುವುದಿಲ್ಲ.

ಈಗ ಮಾರುವವರ ವಿಷಯ. ಆಂಟಿಬಯಾಟಿಕ್ ಆದಮೇಲೆ ಪ್ರೊಬಯಾಟಿಕ್ ತಗೊಂಡರೆ ಕರುಳು ಬೇಗ ಮೊದಲಿನಂತಾಗುತ್ತದೆ ಅಂತ ನಾನೂ ನಂಬಿದ್ದೆ. 2018ರಲ್ಲಿ ಇಸ್ರೇಲಿನ ವಿಜ್ಞಾನಿಗಳು ನೋಡಿದಾಗ ಉಲ್ಟಾ ಕಂಡಿತು. ಪ್ರೊಬಯಾಟಿಕ್ ತಗೊಂಡವರಲ್ಲಿ ಸ್ವಂತ ಬ್ಯಾಕ್ಟೀರಿಯಾ ಮರಳುವುದು ಏನೂ ತಗೊಳ್ಳದವರಿಗಿಂತ ತಡವಾಯಿತು. ಎಲ್ಲಕ್ಕಿಂತ ಬೇಗ ಸರಿಹೋದದ್ದು, ಔಷಧಕ್ಕೆ ಮೊದಲೇ ತೆಗೆದಿಟ್ಟ ತಮ್ಮದೇ ಮಲವನ್ನು ಮತ್ತೆ ಕರುಳಿಗೆ ಸೇರಿಸಿಕೊಂಡವರಿಗೆ. ಅದಕ್ಕೆ ಜಾಹೀರಾತು ಮಾಡುವುದು ಸ್ವಲ್ಪ ಕಷ್ಟ.