ಇನ್‌ಫ್ರಾರೆಡ್ ಬೆಳಕಿಗೂ ಸಿಂಕ್ರೊಟ್ರಾನ್ ಬೇಕೇ?

ಲ್ಯಾಬಿನಲ್ಲಿ ಬಿಸಿ ಮಾಡಿದ ಸಿಲಿಕಾನ್ ಕಾರ್ಬೈಡ್ ಕಡ್ಡಿಯಿಂದಲೇ ಇನ್‌ಫ್ರಾರೆಡ್ ಬೆಳಕು (ಕೆಂಪಿಗಿಂತ ಉದ್ದ ತರಂಗದ, ಕಣ್ಣಿಗೆ ಕಾಣದ ಬೆಳಕು) ಸಿಗುವಾಗ ಸಿಂಕ್ರೊಟ್ರಾನ್, ಅಂದರೆ ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಓಡಿಸಿ ಬೆಳಕು ಪಡೆಯುವ ದೊಡ್ಡ ಯಂತ್ರ, ಯಾಕೆ ಅಂತ ಕೇಳಿದ್ದೀರಿ. ಪರೀಕ್ಷಿಸುವ ಮಾದರಿ ದೊಡ್ಡದಿದ್ದರೆ ಸಾಮಾನ್ಯವಾಗಿ ಬೇಡ, ಕಡ್ಡಿಯೇ ಸಾಕು.

ಕಷ್ಟ ಬರುವುದು ಮಾದರಿ ಚಿಕ್ಕದಾದಾಗ. ಒಂದೇ ಜೀವಕೋಶವನ್ನೋ ಧೂಳಿನ ಕಣವನ್ನೋ ನೋಡಬೇಕಾದರೆ ಬೆಳಕನ್ನು ಕೆಲವೇ ಮೈಕ್ರಾನ್ ಜಾಗಕ್ಕೆ ಕೂಡಿಸಬೇಕು. ಕಡ್ಡಿಯ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ಅಲ್ವಾ? ಸಣ್ಣ ಜಾಗಕ್ಕಷ್ಟೇ ಬೀಳಲಿ ಅಂತ ಅದರ ದಾರಿಯಲ್ಲಿ ಸಣ್ಣ ರಂಧ್ರ ಇಟ್ಟರೆ ಬಹುಪಾಲು ಆಚೆಯೇ ಉಳಿಯುತ್ತದೆ. ಸಿಂಕ್ರೊಟ್ರಾನ್‌ನಲ್ಲಿ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುವ ಎಲೆಕ್ಟ್ರಾನುಗಳನ್ನು ಮ್ಯಾಗ್ನೆಟ್ ತಿರುಗಿಸಿದಾಗ ಬೆಳಕು ತೆಳು ಕಿರಣವಾಗಿ ಬರುತ್ತದೆ. ಒಟ್ಟು ಶಕ್ತಿ ಜಾಸ್ತಿ ಅಂತಲ್ಲ, ಪ್ರಖರತೆ (ಸಣ್ಣ ಜಾಗದಿಂದ ಒಂದೇ ದಿಕ್ಕಿಗೆ ಬರುವ ಬೆಳಕಿನ ಪ್ರಮಾಣ) ಜಾಸ್ತಿ: ಕಡ್ಡಿಗಿಂತ ಸುಮಾರು 100ರಿಂದ 1000 ಪಟ್ಟು.

ಈ ಕ್ಷೇತ್ರದಲ್ಲಿ ನನಗೆ ತುಂಬಾ ಗೌರವ ಇರುವುದು ಭೌತವಿಜ್ಞಾನಿ ಗ್ವಿನ್ ವಿಲಿಯಮ್ಸ್ ಅವರ ಮೇಲೆ. ಸಿಂಕ್ರೊಟ್ರಾನ್ ಅಂದರೆ ಎಕ್ಸ್‌ರೇ ಅಂತಲೇ ಹೆಚ್ಚಿನವರು ನೋಡುತ್ತಿದ್ದ ಕಾಲದಲ್ಲಿ ಅವರು ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಇನ್‌ಫ್ರಾರೆಡ್ ಬೀಮ್‌ಲೈನ್‌ಗಳನ್ನು (ಯಂತ್ರದಿಂದ ಬೆಳಕನ್ನು ಪ್ರಯೋಗದ ಜಾಗಕ್ಕೆ ತರುವ ವ್ಯವಸ್ಥೆ) ಬೆಳೆಸಿದರು. ಮುಂದೆ ಅಮೆರಿಕದಲ್ಲೇ ಇರುವ ಜೆಫರ್ಸನ್ ಲ್ಯಾಬಿಗೆ ಹೋದರು. ಅಲ್ಲಿ ಎಲೆಕ್ಟ್ರಾನುಗಳ ಗುಂಪು ತರಂಗದ ಉದ್ದಕ್ಕಿಂತ ಚಿಕ್ಕದಾಗಿತ್ತು. ಆಗ ಅವೆಲ್ಲ ಒಂದೇ ತಾಳದಲ್ಲಿ ಬೆಳಕು ಬೀರುತ್ತವೆ. ಎಲೆಕ್ಟ್ರಾನುಗಳು 10 ಪಟ್ಟಾದರೆ ಬೆಳಕು 100 ಪಟ್ಟು! 2002ರಲ್ಲಿ ಅವರ ತಂಡ ಸುಮಾರು 20 ವ್ಯಾಟ್ ಟೆರಾಹರ್ಟ್ಸ್ ಬೆಳಕು (ಇನ್‌ಫ್ರಾರೆಡ್‌ಗೂ ಮೈಕ್ರೊವೇವ್‌ಗೂ ನಡುವಿನದು) ಪಡೆದದ್ದು ಹೀಗೆ.